ನಾಲ್ಕಡಿ ಅಗಲದ ಜಾಗ: ಒಮ್ಮೆ ನೆಟ್ಟು ವರ್ಷಗಟ್ಟಲೆ ಕೊಯ್ಯುವಂಥದ್ದು ಏನೇನು ಹಾಕಬಹುದು?

ಹೊಸಮನೆ_ಮೈಸೂರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ 30×40 ಸೈಟು. ಮನೆಯ ಪೂರ್ವಕ್ಕೆ ಕಾಂಪೌಂಡಿಗೆ ಹೊಂದಿಕೊಂಡಂತೆ 4 ಅಡಿ ಅಗಲ, 24 ಅಡಿ ಉದ್ದದ ಜಾಗ ಇದೆ. ಉತ್ತರ ತುದಿಯ 5 ಅಡಿ ನೀರಿನ ಸಂಪಿನ ತೊಟ್ಟಿಗೆ ಹೋಗಿದೆ. ಬಿಸಿಲು ಬೆಳಿಗ್ಗೆ ಎಂಟರಿಂದ ಹನ್ನೆರಡರ ತನಕ, ಆಮೇಲೆ ಮನೆಯ ನೆರಳು. ಮೇಲೆ ಅರ್ಧ ಅಡಿ ಕೆಂಪುಮಣ್ಣು, ಅದರ ಕೆಳಗೆ ಇಟ್ಟಿಗೆ ಚೂರು, ಗಾರೆ, ಸಿಮೆಂಟು ಗಟ್ಟಿ. ಬೋರ್‌ವೆಲ್ ನೀರು, ಗಡಸು.

ಪ್ರತಿ ಮೂರು ತಿಂಗಳಿಗೆ ಬೀಜ ಬಿತ್ತುವ ತರಕಾರಿ ಬೇಡ. ಮನಸ್ಸಿನಲ್ಲಿರುವುದು ನುಗ್ಗೆ, ಕರಿಬೇವು, ತೊಂಡೆ, ಬಸಳೆ, ಚಕ್ರಮುನಿ, ನಿಂಬೆ, ಪಪ್ಪಾಯಿ. ಇವೆಲ್ಲ ಹಿಡಿಸುತ್ತವೆಯೇ? ಯಾವುದನ್ನು ಬಿಡಬೇಕು? ನರ್ಸರಿಯಿಂದ ತಂದ ಒಂದು ಕರಿಬೇವಿನ ಗಿಡ ಈಗಾಗಲೇ ನೆಲದಲ್ಲಿದೆ. ಹೊಸ ಚಿಗುರೆಲ್ಲ ಹಳದಿ, ನರ ಮಾತ್ರ ಹಸಿರು. ಹುಳಿ ಮಜ್ಜಿಗೆ ಹಾಕುತ್ತಿದ್ದರೂ ಬದಲಾಗಿಲ್ಲ. ಈಗ ಏಪ್ರಿಲ್, ಕೆಲಸ ಯಾವಾಗ ಶುರು ಮಾಡಲಿ?

---

ಮಣ್ಣುಮೊದಲು ಉತ್ತರ:

ಗಿಡದ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಮೊದಲು ಗುಂಡಿಯ ಮಾತು. ಮೂಲಂಗಿ, ಕೊತ್ತಂಬರಿಯಲ್ಲಿ ತಪ್ಪಾದರೆ ಮುಂದಿನ ಬೆಳೆಗೆ ಸರಿಮಾಡಬಹುದು. ಬಹುವಾರ್ಷಿಕ ಗಿಡ ಬೇರುಬಿಟ್ಟ ಮೇಲೆ ಕೆಳಗಿನ ಮಣ್ಣನ್ನು ಮುಟ್ಟುವ ಹಾಗಿಲ್ಲ. ನಿಮ್ಮ ಜಾಗದಲ್ಲಿ ಮುಕ್ಕಾಲು ಪಾಲು ಕೆಲಸ ಇರುವುದು ಇಲ್ಲೇ.

ಮೊದಲು ನೀರು ಇಂಗುವ ಪರೀಕ್ಷೆ. ಒಂದೂವರೆ ಅಡಿ ಆಳದ ಕುಳಿ ತೋಡಿ ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಅಳೆಯಿರಿ. ಮೊದಲ ಸಲದ ಲೆಕ್ಕ ಹಿಡಿಯಬೇಡಿ, ಒಣಮಣ್ಣು ಯಾವಾಗಲೂ ಬೇಗ ಕುಡಿಯುತ್ತದೆ. ಗಂಟೆಗೆ ಒಂದು ಇಂಚಿಗಿಂತ ಹೆಚ್ಚು ಇಳಿದರೆ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಕೆಳಗೆ ಕಾಂಕ್ರೀಟು ತೊಳೆದ ನೀರು ಗಟ್ಟಿಯಾಗಿ ಕೂತಿದೆ ಎಂದರ್ಥ. ಹಾರೆಯಿಂದ ಆ ಪದರವನ್ನು ಒಡೆಯದೆ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ.

ಎರಡನೆಯದು ಸುಣ್ಣ. ಒಣ ಮಣ್ಣು ಒಂದು ಹಿಡಿ ತೆಗೆದು ಅಡುಗೆ ವಿನೆಗರ್ ಸುರಿಯಿರಿ. ನೊರೆ ಬಂದರೆ ಗಾರೆ, ಸಿಮೆಂಟಿನ ಸುಣ್ಣ ಮಣ್ಣಿನೊಳಗೆ ಸೇರಿದೆ. ಸರಿಯಾದ ಅಂಕಿ ಬೇಕಿದ್ದರೆ ನಾಲ್ಕೈದು ಕಡೆಯಿಂದ ಮಣ್ಣು ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಮೈಸೂರಿಗೆ ಸುತ್ತೂರಿನದು ಹತ್ತಿರ.

ಉದ್ದಕ್ಕೂ ಅಗೆಯಬೇಕಿಲ್ಲ. ಒಂದೊಂದು ಗಿಡಕ್ಕೆ 2×2×2 ಅಡಿ ಗುಂಡಿ. ತೆಗೆದ ಮಣ್ಣನ್ನು ಅರ್ಧ ಇಂಚಿನ ಜರಡಿಯಲ್ಲಿ ಹಾಕಿ. ಇಟ್ಟಿಗೆ ಚೂರು ಒಂದಿಷ್ಟು ಉಳಿದರೆ ತೊಂದರೆ ಇಲ್ಲ, ಗಾರೆ ಮತ್ತು ಸಿಮೆಂಟನ್ನು ಮಾತ್ರ ಪೂರ್ತಿ ಆರಿಸಿ ತೆಗೆಯಿರಿ. ಜರಡಿ ಹಿಡಿದ ಮಣ್ಣು ಎರಡು ಬಾಂಡ್ಲಿಗೆ ಹೊರಗಿನ ಕೆಂಪುಮಣ್ಣು ಒಂದು ಬಾಂಡ್ಲಿ, ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಬಾಂಡ್ಲಿ. ಗುಂಡಿಗೆ ಅರ್ಧ ಕಿಲೋ ಬೇವಿನ ಹಿಂಡಿ. ಗೊಬ್ಬರ ಪೂರ್ತಿ ಕಳಿತಿರಬೇಕು: ಕೈಯಲ್ಲಿ ಹಿಡಿದರೆ ಸಗಣಿಯ ವಾಸನೆ ಇರಬಾರದು, ಬಿಸಿ ಇರಬಾರದು. ಅರೆಕಳಿತ ಗೊಬ್ಬರದ ಜೊತೆಗೇ ಗೊಣ್ಣೆಹುಳು ಬರುತ್ತದೆ, ಗೆದ್ದಲನ್ನೂ ಕರೆಯುತ್ತದೆ. ತೋಟದಲ್ಲಿ ಕಾರಣವಿಲ್ಲದೆ ಸೊರಗುವ ಗಿಡಗಳಲ್ಲಿ ಅನೇಕದರ ಬುಡ ಕಿತ್ತು ನೋಡಿದರೆ ಸಿಕ್ಕುವುದು ಈ ಗೊಣ್ಣೆಹುಳವೇ.

ನೆಲಮಟ್ಟಕ್ಕಿಂತ ಆರು ಇಂಚು ಎತ್ತರ ತುಂಬಿ ನೀರು ಹಾಕಿ ಹದಿನೈದು ದಿನ ಬಿಡಿ. ಅಷ್ಟೂ ಕುಸಿಯುತ್ತದೆ. ತುಂಬಿದ ದಿನವೇ ನೆಟ್ಟರೆ ಗಿಡವೂ ಮಣ್ಣಿನ ಜೊತೆ ಇಳಿದು ಬುಡದಲ್ಲಿ ನೀರು ನಿಲ್ಲುವ ತಗ್ಗಾಗುತ್ತದೆ. ಮನೆಯ ಗೋಡೆಗೆ ತಾಗುವಂತೆ ಮಾತ್ರ ಮಣ್ಣು ಏರಿಸಬೇಡಿ, ತೇವ ಒಳಗೆ ಬರುತ್ತದೆ. ಗುಂಡಿಗಳೆಲ್ಲ ಕಾಂಪೌಂಡಿನ ಕಡೆಗಿರಲಿ.

ಇನ್ನು ಜಾಗದ ಲೆಕ್ಕ. ನವೆಂಬರಿನಿಂದ ಫೆಬ್ರವರಿ ತನಕ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಉತ್ತರಕ್ಕೆ ಬೀಳುತ್ತದೆ. ಆದ್ದರಿಂದ ಎತ್ತರದ್ದು ಉತ್ತರಕ್ಕೆ, ಗಿಡ್ಡದ್ದು ದಕ್ಷಿಣಕ್ಕೆ. ನಿಮ್ಮಲ್ಲಿ ಉತ್ತರಕ್ಕೆ ಸಂಪು ಇರುವುದರಿಂದ ಅಲ್ಲಿ ಮರ ಬೇಡ, ಚಪ್ಪರ ಹಾಕಿ. ದಕ್ಷಿಣ ತುದಿಯಿಂದ ಅಳೆದು 2, 4, 6 ಅಡಿಗಳಲ್ಲಿ ಚಕ್ರಮುನಿ, 9ರಲ್ಲಿ ಕರಿಬೇವು, 13ರಲ್ಲಿ ಬಸಳೆ, 16ರಲ್ಲಿ ತೊಂಡೆ. ತೊಂಡೆಯ ಬುಡ ಸಂಪಿನಿಂದ ಮೂರಡಿ ದೂರ ಉಳಿಯುತ್ತದೆ, ಬಳ್ಳಿ ಮಾತ್ರ ಸಂಪಿನ ಮೇಲೆ ಹರಡುತ್ತದೆ. ಮುಚ್ಚಳ ತೆಗೆಯಲು ಆಳು ನಿಲ್ಲುವಷ್ಟು ಎತ್ತರ ಬೇಕು, ಆರೂವರೆ ಅಡಿ ಇಡಿ.

ನಿಂಬೆ ಬಿಡಿ. ಕನಿಷ್ಠ ಆರು ಗಂಟೆ ಬಿಸಿಲಿಲ್ಲದಿದ್ದರೆ ಎಲೆ ಬಿಡುತ್ತದೆಯೇ ಹೊರತು ಹಣ್ಣು ಕಾಣುವುದಿಲ್ಲ, ಮುಳ್ಳಿನ ಗಿಡ ನಾಲ್ಕಡಿ ಓಣಿಯಲ್ಲಿ ಓಡಾಡಲೂ ಬಿಡುವುದಿಲ್ಲ. ಪಪ್ಪಾಯಿಯನ್ನು ಬಹುವಾರ್ಷಿಕ ಅಂತ ಎಣಿಸಬೇಡಿ. ಮೂರು ವರ್ಷಕ್ಕೆ ಫಸಲು ಇಳಿಯುತ್ತದೆ, ಅದಕ್ಕೂ ಮೊದಲೇ ನಂಜುರೋಗ ತಗಲುವುದೇ ಹೆಚ್ಚು.

---

ಚಪ್ಪರದಡಿ_ಉಡುಪಿ ಉತ್ತರ:

ಮೇಲಿನವರು ಹೇಳಿದ ಗುಂಡಿಯ ಕ್ರಮ ಸರಿಯಾಗಿದೆ. ತೊಂಡೆ, ಬಸಳೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಇವೆರಡೂ ಕರಾವಳಿಯ ಪ್ರತಿ ಮನೆಯ ಹಿಂದೆ ಇರುವಂಥವು.

ತೊಂಡೆಯನ್ನು ಬೀಜದಿಂದ ಮಾಡಲೇಬೇಡಿ. ಇದರಲ್ಲಿ ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಬೀಜದ ಸಸಿಗಳಲ್ಲಿ ಅರ್ಧದಷ್ಟು ಗಂಡಾಗಬಹುದು, ಹೆಣ್ಣಾದರೂ ಕಾಯಿ ಕಹಿಯಾಗುವ ಸಾಧ್ಯತೆ ಇದೆ. ಕಾಯಿ ಬಿಡುತ್ತಿರುವ ಬಳ್ಳಿಯಿಂದಲೇ ಕಡ್ಡಿ ತನ್ನಿ. ಗುರುತು ಸುಲಭ: ಹೆಣ್ಣು ಹೂವಿನ ಹಿಂದೆ ಅರಳುವ ಮೊದಲೇ ಪುಟ್ಟ ಕಾಯಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ನಾವು ಬೆಳೆಸುವ ಬಳ್ಳಿಗಳು ಗಂಡು ಹೂವಿಲ್ಲದೆಯೂ ಕಾಯಿ ಕಟ್ಟುತ್ತವೆ, ಹಾಗಾಗಿ ಒಂದೇ ಬಳ್ಳಿ ಸಾಕು.

ಕಡ್ಡಿ ಪೆನ್ಸಿಲ್ ದಪ್ಪ ಇರಲಿ, ಒಂದು ಗೇಣು ಉದ್ದ, ಮೂರು ನಾಲ್ಕು ಗೆಣ್ಣು. ಹಸಿರು ಎಳೆ ಕಡ್ಡಿ ಕೊಳೆಯುತ್ತದೆ, ಬೂದುಬಣ್ಣಕ್ಕೆ ತಿರುಗಿ ಬಲಿತದ್ದು ಬೇಕು. ಕೆಳಗಿನ ತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ, ಮೇಲಿನದನ್ನು ನೇರವಾಗಿ ಕತ್ತರಿಸಿ. ತಲೆಕೆಳಗಾಗಿ ನೆಡುವ ತಪ್ಪು ಇದರಿಂದ ತಪ್ಪುತ್ತದೆ. ಎರಡು ಗೆಣ್ಣು ಮಣ್ಣಿನೊಳಗೆ ಹೋಗಲಿ. ಒಂದು ಗುಂಡಿಗೆ ಮೂರು ಕಡ್ಡಿ ಊರಿ, ಚಿಗುರಿದ ಮೇಲೆ ಗಟ್ಟಿಯಾದದ್ದೊಂದನ್ನು ಉಳಿಸಿ. ಚಪ್ಪರ ಮುಟ್ಟುವ ತನಕ ಅಡ್ಡ ಚಿಗುರೆಲ್ಲ ಚಿವುಟಿ, ಮುಟ್ಟಿದ ಕೂಡಲೇ ತುದಿ ಚಿವುಟಿ ಮೇಲೆ ಮೂರು ನಾಲ್ಕು ಕವಲು ಮಾಡಿಸಿ. ಎರಡೂವರೆ ಮೂರು ತಿಂಗಳಿಗೆ ಕಾಯಿ ಶುರು.

ಚಪ್ಪರಕ್ಕೆ ಪ್ಲಾಸ್ಟಿಕ್ ದಾರ ನಂಬಬೇಡಿ. ಮಳೆಯಲ್ಲಿ ನೆನೆದ ಬಳ್ಳಿಯ ಭಾರಕ್ಕೆ ಜೋಲುತ್ತದೆ. ಜಿಐ ಪೈಪು ಅಥವಾ ಸರ್ವೆ ಕಂಬ, ಮೇಲೆ ಜಿಐ ತಂತಿ ಒಂದೊಂದು ಅಡಿಗೆ ಅಡ್ಡ-ಉದ್ದ ಕಟ್ಟಿ.

ಕಾಯಿ ಬಲಿಯಲು ಬಿಡಬಾರದು, ಮೂರು ದಿನಕ್ಕೊಮ್ಮೆ ಕೊಯ್ಯಲೇಬೇಕು. ನಾಲ್ಕು ಕಾಯಿ ಕೆಂಪಾಗಲು ಬಿಟ್ಟರೆ ಬಳ್ಳಿ ಹೊಸ ಹೂವು ಕಡಿಮೆ ಮಾಡುತ್ತದೆ. ಕಾಯಿಯಲ್ಲಿ ಸಣ್ಣ ಚುಕ್ಕೆ, ಅಂಟು, ಸೊಟ್ಟ ಆಕಾರ, ಒಳಗೆ ಬಿಳಿ ಹುಳು ಕಂಡರೆ ಅದು ಹಣ್ಣುನೊಣದ ಕೆಲಸ. ಇಲ್ಲಿ ಅನೇಕರು ಎಡವುತ್ತಾರೆ: ಮಾವಿನ ನೊಣಕ್ಕೆಂದು ಮಾರುವ ಮೀಥೈಲ್ ಯುಜಿನಾಲ್ ಬಲೆ ತೊಂಡೆಗೆ ಪ್ರಯೋಜನವಿಲ್ಲ. ಬಳ್ಳಿ ತರಕಾರಿಯ ನೊಣಕ್ಕೆ ಕ್ಯೂ-ಲೂರ್ ಬಲೆಯೇ ಬೇಕು. ಅದು ಹಿಡಿಯುವುದೂ ಗಂಡು ನೊಣವನ್ನು ಮಾತ್ರ, ಆದ್ದರಿಂದ ಬಲೆಯೊಂದೇ ಸಾಲದು. ಬಿದ್ದ ಕಾಯಿಗಳನ್ನು ಪ್ರತಿದಿನ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿಕಟ್ಟಿ ಒಂದು ವಾರ ಬಿಸಿಲಿಗಿಡಿ. ಕಾಂಪೋಸ್ಟ್ ಗುಂಡಿಗೆ ಎಸೆದರೆ ಹುಳು ಅಲ್ಲಿಯೇ ಮಣ್ಣಿಗಿಳಿದು ಕೋಶವಾಗಿ ನೊಣವಾಗಿ ವಾಪಸು ಬರುತ್ತದೆ.

ವರ್ಷಕ್ಕೊಮ್ಮೆ, ಕಾಯಿ ಸಣ್ಣದಾಗಿ ಎಲೆ ಕುಗ್ಗಿದಾಗ (ನಿಮ್ಮಲ್ಲಿ ಜನವರಿ ಹೊತ್ತಿಗೆ) ಬುಡದಿಂದ ಎರಡು ಅಡಿ ಬಿಟ್ಟು ಎಲ್ಲವನ್ನೂ ಕಡಿದುಬಿಡಿ. ಕೈ ಅಳುಕುತ್ತದೆ, ಆದರೆ ಕಡಿಯದ ಬಳ್ಳಿ ಒಣಕಡ್ಡಿಯ ಗೂಡಾಗುತ್ತದೆ. ಕಡಿದ ಮೇಲೆ ಒಂದು ಬಾಂಡ್ಲಿ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ, ನೀರು. ಮೂರು ನಾಲ್ಕು ವರ್ಷಕ್ಕೆ ಇಳುವರಿ ಬೀಳುತ್ತದೆ, ಆಗ ಅದೇ ಬಳ್ಳಿಯ ಕಡ್ಡಿಯಿಂದ ಹೊಸತು ಮಾಡಿಕೊಳ್ಳಿ.

ಬಸಳೆ ಕಡ್ಡಿಯೂ ಹೀಗೆಯೇ, ಆದರೆ ಬಲಿತದ್ದೇ ಆಗಬೇಕೆಂದಿಲ್ಲ. ಅಡುಗೆಗೆ ತಂದ ಕಟ್ಟಿನ ದಪ್ಪ ದಂಟು ನೆಟ್ಟರೂ ಬರುತ್ತದೆ. ನೆಟ್ಟು ಒಂದೂವರೆ ತಿಂಗಳಿಗೆ ಮೊದಲ ಕೊಯ್ಲು. ಬರೀ ಎಲೆ ಕೀಳಬೇಡಿ, ದಂಟು ಸಮೇತ ಒಂದಡಿ ಕತ್ತರಿಸಿ. ಕತ್ತರಿಸಿದಲ್ಲಿ ಎರಡು ಕವಲು ಬರುತ್ತವೆ. ಹೂವಿನ ತೆನೆ ಕಂಡರೆ ಆ ತುದಿಯನ್ನೂ ಕೊಯ್ದು ಸಾರಿಗೆ ಹಾಕಿ. ಬಸಳೆಗೆ ಬೇಸಿಗೆಯಲ್ಲಿ ದಿನವೂ ನೀರು ಬೇಕು. ನೀರು ತಪ್ಪಿದರೆ ಎಲೆ ಚಿಕ್ಕದಾಗಿ ಬೇಗ ಹೂವಿಗೆ ಹೋಗುತ್ತದೆ. ಎಲೆಯ ಮೇಲೆ ಕೆಂಪು ಅಂಚಿನ ದುಂಡು ಚುಕ್ಕೆ ಬಂದರೆ ಶಿಲೀಂಧ್ರ. ಅಂಥ ಎಲೆ ತೆಗೆದು ಸುಟ್ಟು, ನೀರನ್ನು ಬುಡಕ್ಕೆ ಮಾತ್ರ ಹಾಕಿ. ನೀರು, ಗೊಬ್ಬರ ಎಲ್ಲ ಇದ್ದೂ ಸೊರಗಿದರೆ ಬೇರು ನೋಡಿ. ಅಲ್ಲಿ ಗಂಟುಗಂಟಾಗಿದ್ದರೆ ಜಂತುಹುಳು, ಆ ಗುಂಡಿಯಲ್ಲಿ ಒಂದು ವರ್ಷ ಚೆಂಡುಹೂವು ಹಾಕಿ ಬಸಳೆಯನ್ನು ಬೇರೆ ಕಡೆಗೆ ಒಯ್ಯಿರಿ.

ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಬಸಳೆಯನ್ನು ವೈದ್ಯರನ್ನು ಕೇಳಿ ತಿನ್ನಿ, ಆಕ್ಸಲೇಟ್ ಹೆಚ್ಚು.

---

ಒಗ್ಗರಣೆಸೊಪ್ಪು ಉತ್ತರ:

ಕರಿಬೇವಿನ ಹಳದಿಗೆ ಮಜ್ಜಿಗೆ ಮದ್ದಲ್ಲ. ಎಲ್ಲಿ ಹಳದಿ ಅನ್ನುವುದರಲ್ಲೇ ರೋಗ ತಿಳಿಯುತ್ತದೆ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ, ಗೊಬ್ಬರ ಹಾಕಿದರೆ ಸರಿಹೋಗುತ್ತದೆ. ಹೊಸ ಎಲೆ ಹಳದಿ, ನರ ಹಸಿರು ಅಂದರೆ ಕಬ್ಬಿಣದ ಕೊರತೆ. ಕೆಂಪುಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಗಾರೆಯ ಸುಣ್ಣ ಮತ್ತು ಗಡಸು ನೀರು ಸೇರಿ ಮಣ್ಣು ಕ್ಷಾರವಾಗಿ, ಇರುವ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ತಿರುಗಿದೆ. ಮಜ್ಜಿಗೆಯ ಹುಳಿ ಅಷ್ಟು ಸುಣ್ಣದ ಎದುರು ಏನೇನೂ ಸಾಲದು. ಒಂದು ಲೋಟ ಮಜ್ಜಿಗೆಗೆ ಹತ್ತು ಲೋಟ ನೀರು ಬೆರೆಸಿ ತಿಂಗಳಿಗೊಮ್ಮೆ ಹಾಕಿದರೆ ತೊಂದರೆ ಇಲ್ಲ, ಗಟ್ಟಿಯಾಗಿ ಸುರಿದರೆ ಇರುವೆ ಮುತ್ತುತ್ತದೆ.

ತಕ್ಷಣಕ್ಕೆ ಮಾಡಬೇಕಾದ್ದು: ಒಂದು ಲೀಟರ್ ಮಳೆನೀರು ಅಥವಾ ಫಿಲ್ಟರ್ ನೀರಿಗೆ ಮೊದಲು ಅರ್ಧ ನಿಂಬೆಹಣ್ಣಿನ ರಸ, ಆಮೇಲೆ 2 ಗ್ರಾಂ ಫೆರಸ್ ಸಲ್ಫೇಟ್ (ಅನ್ನಭೇದಿ). ದ್ರಾವಣ ತಿಳಿಹಸಿರಾಗಿರಬೇಕು. ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ, ಅದು ಕೆಲಸಕ್ಕೆ ಬಾರದು. ಬೋರ್ ನೀರಿನಲ್ಲಿ ಕಲಸಿದರೆ ಹೀಗಾಗುತ್ತದೆ. ಸಂಜೆ ಎಲೆಯ ಎರಡೂ ಬದಿಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಹದಿನೈದು ದಿನ ಎಲೆ ಕೀಳಬೇಡಿ. ಗೋಡೆಗೆ, ಟೈಲ್ಸಿಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಿಂದೆ ರಟ್ಟು ಹಿಡಿಯಿರಿ.

ಇದು ತಾತ್ಕಾಲಿಕ. ಗಿಡ ಚಿಕ್ಕದಿದ್ದರೆ ಮಳೆ ಶುರುವಾದ ಮೇಲೆ ದೊಡ್ಡ ಮಣ್ಣುಗಡ್ಡೆ ಸಮೇತ ಎತ್ತಿ, ಹೊಸ ಗುಂಡಿ ಮಾಡಿ ಅಲ್ಲಿಗೆ ಕೂರಿಸುವುದೇ ಸರಿ. ಚಾವಣಿಯ ಮಳೆನೀರಿನ ಪೈಪನ್ನು ಒಂದು ಡ್ರಮ್ಮಿಗೆ ತಿರುಗಿಸಿ ಕರಿಬೇವಿಗೆ ಆ ನೀರನ್ನೇ ಮೀಸಲಿಡಿ.

ಕೊಯ್ಯುವ ರೀತಿ: ಗರಿಯನ್ನು ಎಳೆದು ಕೀಳಬೇಡಿ, ಸಿಪ್ಪೆ ಹರಿದು ಅಲ್ಲಿ ಚಿಗುರು ಬರುವುದಿಲ್ಲ. ರೆಂಬೆಯ ತುದಿಯನ್ನು ಕತ್ತರಿಸಿ. ಗಿಡ ಮೂರಡಿಯಾದಾಗ ನೆತ್ತಿ ಕತ್ತರಿಸಿದರೆ ಐದಾರು ಕವಲಾಗುತ್ತದೆ. ಹೂಗೊಂಚಲು ಬಂದರೆ ತೆಗೆಯಿರಿ, ಹಣ್ಣು ಕಟ್ಟಲು ಬಿಟ್ಟರೆ ಎಲೆ ನಿಲ್ಲುತ್ತದೆ. ಎಳೆ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವುದು ನಿಂಬೆ ಚಿಟ್ಟೆಯ ಮರಿಹುಳು. ದೊಡ್ಡದಾದಾಗ ಹಸಿರಾಗುತ್ತದೆ, ಮುಟ್ಟಿದರೆ ಕಿತ್ತಳೆ ಬಣ್ಣದ ಕೊಂಬು ಚಾಚಿ ವಾಸನೆ ಬಿಡುತ್ತದೆ. ಚಿಕ್ಕ ಗಿಡವನ್ನು ಮೂರು ಹುಳು ಎರಡು ದಿನದಲ್ಲಿ ಬೋಳು ಮಾಡುತ್ತವೆ. ಕೈಯಿಂದ ಆರಿಸುವುದೇ ಸಾಕು, ಔಷಧಿ ಬೇಡ.

---

ಹೊಸಮನೆ_ಮೈಸೂರು:

ವಿನೆಗರ್ ಪರೀಕ್ಷೆ ಮಾಡಿದೆ, ಚೆನ್ನಾಗಿಯೇ ನೊರೆ ಬಂತು. ಕರಿಬೇವು ಒಂದೂವರೆ ಅಡಿ ಇದೆ, ಸ್ಥಳ ಬದಲಿಸುತ್ತೇನೆ. ನುಗ್ಗೆಯ ಬಗ್ಗೆ ಯಾರೂ ಹೇಳಲಿಲ್ಲ. ಚಕ್ರಮುನಿ ಹಸಿಯಾಗಿ ಜ್ಯೂಸ್ ಮಾಡಿ ಕುಡಿಯಬಹುದು ಅಂತ ಕೇಳಿದ್ದೆ, ನಿಜವೇ?

---

ಮಣ್ಣುಮೊದಲು:

ನುಗ್ಗೆ ಬೇಡ ಎಂದೇ ಬರೆಯಲಿಲ್ಲ. ಕೊಂಬೆ ಬಹಳ ಪೆಳಸು, ಏಪ್ರಿಲ್-ಮೇ ಗಾಳಿಮಳೆಗೆ ಪಕ್ಕದವರ ಕಾರಿನ ಮೇಲೆ ಬೀಳುತ್ತದೆ. ಮಳೆಗಾಲದಲ್ಲಿ ಕಂಬಳಿಹುಳು ಕಾಂಡದ ತುಂಬ ಕೂತು ಕಾಂಪೌಂಡ್ ಹತ್ತುತ್ತವೆ. ನಾಲ್ಕಡಿಯಲ್ಲಿ ಅದಕ್ಕೆ ಜಾಗವಿಲ್ಲ.

---

ಬಯಲುಸೀಮೆ_ಕೈತೋಟ ಉತ್ತರ:

ಕಾಯಿಗಾಗಿ ಆದರೆ ಬೇಡ, ಒಪ್ಪುತ್ತೇನೆ. ಸೊಪ್ಪಿಗಾಗಿ ಆದರೆ ಖಂಡಿತ ಇಡಬಹುದು, ಮರವಾಗಲು ಬಿಡಬಾರದು ಅಷ್ಟೆ. ಪಿಕೆಎಂ-1 ಅಥವಾ ಬಾಗಲಕೋಟೆ ತೋಟಗಾರಿಕಾ ವಿಶ್ವವಿದ್ಯಾಲಯದ 'ಭಾಗ್ಯ' ತಳಿಯ ಬೀಜ ತಂದು ನೆಲಕ್ಕೇ ಎರಡು ಬೀಜ ಊರಿ. ಪ್ಯಾಕೆಟ್ ಸಸಿಯಲ್ಲಿ ತಾಯಿಬೇರು ಸುತ್ತಿಕೊಂಡಿರುತ್ತದೆ. ಎರಡೂವರೆ ಅಡಿಯಾದಾಗ ತುದಿ ಕತ್ತರಿಸಿ. ಆಮೇಲೆ ನಲವತ್ತು ದಿನಕ್ಕೊಮ್ಮೆ ಮೂರಡಿ ಎತ್ತರಕ್ಕೆ ಸವರುತ್ತಲೇ ಇದ್ದರೆ ಪೊದೆಯಾಗಿ ನಿಲ್ಲುತ್ತದೆ, ಕೊಂಬೆ ಮುರಿಯುವ ಭಯವಿಲ್ಲ. ಎರಡು ತಿಂಗಳು ಊರಿಗೆ ಹೋಗಿ ಬಂದರೆ ಮಾತ್ರ ಹತ್ತಡಿ ಏರಿರುತ್ತದೆ. ನಿಯಮಿತವಾಗಿ ಸವರಲು ಆಗದವರು ಹಾಕಬಾರದು. ಹಾಕುವುದಾದರೆ ದಕ್ಷಿಣ ತುದಿಯಿಂದ 6ನೇ ಅಡಿಯಲ್ಲಿ ಹೇಳಿದ ಚಕ್ರಮುನಿಯನ್ನು ಬಿಟ್ಟು ಆ ಗುಂಡಿಗೆ ಹಾಕಿ, ಸಂಪಿನಿಂದ ಅದು ದೂರ. ನುಗ್ಗೆಗೆ ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಇಂಗುವ ಪರೀಕ್ಷೆ ಆ ಜಾಗದಲ್ಲಿ ಇನ್ನೊಮ್ಮೆ ಮಾಡಿ.

ಚಕ್ರಮುನಿ ಜ್ಯೂಸ್ ಕುಡಿಯಲೇಬೇಡಿ. 1994-95ರಲ್ಲಿ ತೈವಾನಿನಲ್ಲಿ ತೂಕ ಇಳಿಸಲೆಂದು ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದ ಅನೇಕರಿಗೆ ಶ್ವಾಸಕೋಶದ ಸಣ್ಣ ನಾಳಗಳು ಕಟ್ಟಿಕೊಂಡು ಶಾಶ್ವತ ಹಾನಿಯಾಯಿತು, ಸಾವುಗಳೂ ಆದವು. 'ವಿಟಮಿನ್ ಸೊಪ್ಪು' ಎಂಬ ಹೆಸರು ಕೇಳಿ ದಿನಾ ಹಿಂಡಿ ಕುಡಿಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಬೇಯಿಸಿ, ವಾರಕ್ಕೆ ಒಂದೆರಡು ಸಲ, ಪಲ್ಯಕ್ಕೋ ಸಾಂಬಾರಿಗೋ ಒಂದೊಂದು ಹಿಡಿ ಸಾಕು.

ನೆಡುವುದು ಸುಲಭ. ಬಲಿತ ಕಡ್ಡಿ ಒಂದು ಗೇಣು, ಎಲೆ ಸವರಿ, ಎರಡು ಗೆಣ್ಣು ಮಣ್ಣಿಗೆ. ಮೂರು ತಿಂಗಳು ಮುಟ್ಟಬೇಡಿ. ಆಮೇಲೆ ಎರಡೂವರೆ ಅಡಿಗೆ ನೆತ್ತಿ ಕತ್ತರಿಸಿ, ಮೂರು ವಾರಕ್ಕೊಮ್ಮೆ ತುದಿಯ ಐದಾರು ಇಂಚು ಕೊಯ್ಯಿರಿ. ಹಿಟ್ಟು ತಿಗಣೆ ಬಂದರೆ ಮೊದಲು ಪೈಪಿನ ನೀರನ್ನು ರಭಸವಾಗಿ ಹಾಯಿಸಿ. ಹೋಗದಿದ್ದರೆ ಲೀಟರಿಗೆ 5 ಎಂಎಲ್ ಬೇವಿನೆಣ್ಣೆ. ಎಣ್ಣೆಯನ್ನು ಮೊದಲು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ, ಆಮೇಲೆ ಉಳಿದ ನೀರು ಸೇರಿಸಿ, ಸಂಜೆ ಹೊಡೆಯಿರಿ. ನೇರವಾಗಿ ನೀರಿಗೆ ಸುರಿದರೆ ಎಣ್ಣೆ ತೇಲಿ ಎಲೆ ಸುಡುತ್ತದೆ.

ಚಪ್ಪರದ ಕೆಳಗಿನ ನೆರಳಲ್ಲಿ ಒಂದೆಲಗ ಬಿಡಿ, ನೆಲ ಮುಚ್ಚಿಕೊಳ್ಳುತ್ತದೆ. ಪಾತ್ರೆ ತೊಳೆದ ನೀರು ಅಲ್ಲಿಗೆ ಹರಿಯದಂತೆ ನೋಡಿಕೊಳ್ಳಿ, ಅದನ್ನು ಹಸಿಯಾಗಿ ತಂಬುಳಿಗೆ ಹಾಕುತ್ತೇವಲ್ಲ. ದೊಡ್ಡಪತ್ರೆಗೆ ಗುಂಡಿಯೇ ಬೇಕಿಲ್ಲ, ಒಡೆದ ಬಕೆಟ್ಟಿನಲ್ಲಿ ಮರಳು ಬೆರೆಸಿದ ಮಣ್ಣು ಸಾಕು. ಅದು ಸಾಯುವುದು ಅತಿಯಾದ ನೀರಿನಿಂದಲೇ.

---

ಹೊಸಮನೆ_ಮೈಸೂರು:

ಜ್ಯೂಸಿನ ವಿಷಯ ಹೇಳಿದ್ದಕ್ಕೆ ಬಹಳ ಉಪಕಾರವಾಯಿತು. ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ತಿಂಗಳ ಲೆಕ್ಕ ಒಂದು ಸಿಕ್ಕರೆ ಕೆಲಸ ಶುರು.

---

ಮಣ್ಣುಮೊದಲು:

ಏಪ್ರಿಲ್ ಮುಗಿಯುವುದರೊಳಗೆ ಗುಂಡಿ ತೋಡಿ ಹದಿನೈದು ಇಪ್ಪತ್ತು ದಿನ ಬಾಯ್ದೆರೆದು ಬಿಸಿಲಿಗೆ ಬಿಡಿ. ಮೇ ಮಧ್ಯದಲ್ಲಿ ತುಂಬಿ. ರೋಹಿಣಿ ಮಳೆಗೆ ಗುಂಡಿ ನೆನೆದು ಕುಸಿದಿರುತ್ತದೆ, ಕುಸಿದಷ್ಟು ಮತ್ತೆ ತುಂಬಿಸಿ. ತೊಂಡೆ, ಬಸಳೆ, ಚಕ್ರಮುನಿ ಕಡ್ಡಿಗಳು ಮೃಗಶಿರಾದಲ್ಲಿ, ಅಂದರೆ ಜೂನ್ ಎರಡನೇ ವಾರ. ಕರಿಬೇವನ್ನು ಜುಲೈಯಲ್ಲಿ, ಮೋಡ ಇರುವ ದಿನ ಸಂಜೆ ಎತ್ತಿ ಕೂರಿಸಿ. ಚಪ್ಪರದ ಕಂಬ ಮಾತ್ರ ಗುಂಡಿ ತುಂಬುವ ಮೊದಲೇ ನಿಲ್ಲಿಸಿ. ಬಳ್ಳಿ ಬಂದ ಮೇಲೆ ಹೂಳಲು ಹೋದರೆ ಬೇರು ಕಡಿಯುತ್ತೀರಿ.

---

ಚಪ್ಪರದಡಿ_ಉಡುಪಿ:

ತೊಂಡೆ ಕಡ್ಡಿ ತಂದ ದಿನವೇ ನೆಡಲಾಗದಿದ್ದರೆ ಒದ್ದೆ ಗೋಣಿಚೀಲದಲ್ಲಿ ಸುತ್ತಿ ನೆರಳಲ್ಲಿಡಿ, ಎರಡು ದಿನ ತಡೆಯುತ್ತದೆ. ನೀರಿನಲ್ಲಿ ಮುಳುಗಿಸಿ ಇಡಬೇಡಿ.